ತೌಡವ್ವ ಕೊಟ್ಟದ್ದು

ತಾ. ೧೪-೨-೧೯೩೪, ಅಮಾವಾಸ್ಯೆ. ಕಂಪ್ಲಿ

ಇವತ್ತು ಮತ್ತೆ ಬಂದಿದ್ದಳು. ಅಂಗಳಕ್ಕೆ ಹಾಕಿದ ನೀರು ಇನ್ನೂ ಆರಿರಲಿಲ್ಲ, ಹಿತ್ತಿಲ ಬಾಗಿಲಲ್ಲಿ ಹುಲುಗಮ್ಮ ಹಾಜರು. ಸೆರಗಿನ ತುದಿಯಲ್ಲಿ ಗಂಟು. ಬಿಚ್ಚಿದರೆ ಎರಡು ಪುಟಾಣಿ ಉಂಡೆ. ಬೆಲ್ಲ ಕರಗಿ ಸೀರೆಯ ಬಣ್ಣ ಹತ್ತಿ ಉಂಡೆ ನೀಲಿಯಾಗಿತ್ತು. ಅದನ್ನು ನನ್ನ ಮಗ ತಿನ್ನಬೇಕಂತೆ! ನಾನು ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ಅರ್ಧ ಉಂಡೆ ಅವನ ಬಾಯಲ್ಲಿತ್ತು. ಮೈಯೆಲ್ಲ ಉರಿದುಹೋಯಿತು. ಆದರೆ ಬೈಯುವ ಹಾಗಿಲ್ಲ, ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

ಬಳ್ಳಾರಿಯ ಹುಡುಗಿಯರ ಶಾಲೆಯಲ್ಲಿ ನನ್ನ ಜೊತೆ ಓದಿದವರಿಗೆ ಇದನ್ನು ಹೇಳಿದರೆ ಬಾಯಿಗೆ ಸೆರಗು ಹಿಡಿದು ನಕ್ಕಾರು. ಅದಕ್ಕೇ ಯಾರಿಗೂ ಹೇಳದೆ ಈ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ನನ್ನ ಮೊದಲನೆಯ ಕೂಸು ಇಪ್ಪತ್ತು ದಿನ ಇತ್ತು. ಎರಡನೆಯದು ಮೂರು ತಿಂಗಳು. ಮೂರನೆಯವನು ಹುಟ್ಟಿದ ದಿನ ಅತ್ತೆ ಅವನನ್ನು ಮೊರದಲ್ಲಿ ಮಲಗಿಸಿ ಹುಲುಗಮ್ಮನಿಗೆ ಮಾರಿಬಿಟ್ಟರು. ಹುಲುಗಮ್ಮ ನಮ್ಮ ಅಕ್ಕಿ ಗಿರಣಿಯಲ್ಲಿ ತೌಡು ಕೇರುವವಳು. ಹೆತ್ತ ನಾಲ್ಕು ಹೆಣ್ಣುಮಕ್ಕಳೂ ಉಳಿದು ಗಂಡನ ಮನೆ ಸೇರಿದ್ದಾರೆ, ಅದಕ್ಕೇ ಆಕೆಯೇ ಬೇಕಿತ್ತು. ನಮ್ಮ ಗಿರಣಿಯದೇ ಒಂದು ಮೊರ ತೌಡು ನಮಗೇ ಕೊಟ್ಟು ನನ್ನ ಮಗನನ್ನು ಕೊಂಡಳು. ಬೇವಿನ ಮರ ಒಂದು ಸುತ್ತು ಹಾಕಿ ಬಂದು, "ನನ್ನ ಕೂಸು, ಜ್ವಾಕಿಲೆ ಸಾಕ್ರಿ ಅಮ್ಮಾರೆ" ಎಂದು ನನ್ನ ಮಡಿಲಿಗೆ ಇಟ್ಟಳು. ನಮ್ಮ ಮನೆಯ ಮಕ್ಕಳನ್ನು ಒಯ್ಯುವ ಆ ಕಾಣದ ಕಣ್ಣಿಗೆ ಇದು ನಮ್ಮದಲ್ಲ, ಬೇರೆಯವರದು ಅನಿಸಬೇಕಂತೆ. ಐದು ತುಂಬುವವರೆಗೂ ಪ್ರತಿ ಅಮಾವಾಸ್ಯೆ ಆಕೆ ತನ್ನ ಕೈಯಾರೆ ಏನಾದರೂ ಕೊಡಬೇಕು, ಬೇಡ ಎನ್ನಬಾರದು. ಐದು ತುಂಬಿದ ದಿನ ತೌಡು ವಾಪಸು ಕೊಟ್ಟು ನಾವು ಅವನನ್ನು ಕೊಂಡುಕೊಳ್ಳಬೇಕು.

ಎರಡನ್ನು ಮಣ್ಣಿಗಿಟ್ಟು ಬಂದವಳು ಆಗ ಏನು ಹೇಳಿದ್ದರೂ ಒಪ್ಪುತ್ತಿದ್ದೆ. ಈಗ ಮಗ ಗುಂಡುಗುಂಡಗೆ ಓಡಾಡುತ್ತಾನೆ, ಜುಲೈ ಇಪ್ಪತ್ತಕ್ಕೆ ಐದು ತುಂಬುತ್ತದೆ. ಅಲ್ಲಿಯವರೆಗೆ ಈ ನೀಲಿ ಉಂಡೆ, ಪೀಪಿ, ಮಣಿಸರ ಎಲ್ಲ ಸಹಿಸಬೇಕು. ಉಳಿದ ಉಂಡೆಯನ್ನು ಎಮ್ಮೆಯ ಬಾನಿಗೆ ಹಾಕಿದೆ. ಬಾಗಿಲಲ್ಲಿ ನಿಂತಿದ್ದವಳು ನೋಡಿದಳು. ಒಂದು ಗಳಿಗೆ ಪಾಪ ಅನಿಸಿತು.

ತಾ. ೨೦-೨-೧೯೩೪

ಮಗನ ಹೆಸರು ಚಂದ್ರಶೇಖರ. ಹಾಗೆ ಕರೆಯುವವಳು ನಾನೊಬ್ಬಳೇ. ಅತ್ತೆಗೆ ತೌಡಪ್ಪ, ಗಿರಣಿಯವರಿಗೆ ತೌಡಪ್ಪ, ಹೆತ್ತ ಅಪ್ಪನಿಗೂ ತೌಡ್ಯಾ.

ಇವತ್ತು ತಲೆ ಬಾಚುತ್ತಾ, "ನಿಮ್ಮವ್ವ ಯಾರೋ?" ಎಂದು ಮುದ್ದಿಗೆ ಕೇಳಿದೆ.

"ಯಾವ ಅವ್ವ? ತೌಡವ್ವಾ, ಮನ್ಯಾಗಿನ ಅವ್ವಾ?" ಎಂದ.

ಮನೆಯೊಳಗಿನ ಅವ್ವ. ಬೀಸುವ ಕಲ್ಲು ಮನೆಯೊಳಗಿರುತ್ತದೆ, ನೀರಿನ ಹಂಡೆ ಮನೆಯೊಳಗಿರುತ್ತದೆ, ಹಾಗೆ ನಾನು. ಬಾಚಣಿಗೆ ಒತ್ತಿ ಎಳೆದೆನೇನೋ, ಅತ್ತ.

ತಾ. ೧೫-೩-೧೯೩೪, ಅಮಾವಾಸ್ಯೆ

ಕೋಳಿಮರಿ! ಲಿಂಗ ಕಟ್ಟಿದವರ ಮನೆಗೆ ಜೀವಂತ ಕೋಳಿಮರಿ!

ಅತ್ತೆಗೇ ತಡೆಯಲಾಗಲಿಲ್ಲ. "ಏ ಹುಲುಗೀ, ತಲಿಗಿಲಿ ಕೆಟ್ಟೈತೇನು ನಿನಗ?"

"ತಿನ್ನಾಕಲ್ರೀ ಯವ್ವಾ, ಆಡಾಕ. ಗಿರಣಿಗೆ ಬಂದಾಗೆಲ್ಲಾ ನನ್ನ ಕೋಳಿ ಹಿಂದ ಓಡತಾನ. ಒಂದು ಬೇಕಂತ ಕೇಳಿದ."

ಅಂದರೆ ಇವನು ಗಿರಣಿಗೆ ಹೋದಾಗೆಲ್ಲ ಆಕೆಯ ಹತ್ತಿರವೇ ಇರುತ್ತಾನೆ. ಬೇಕಾದ್ದನ್ನು ಕೇಳುವುದೂ ಆಕೆಯ ಹತ್ತಿರ. ನನ್ನ ಹತ್ತಿರ ಇದುವರೆಗೆ ಏನನ್ನೂ ಕೇಳಿದವನಲ್ಲ.

ಬೇಡ ಎನ್ನಬಾರದು ಎಂಬ ನೇಮ ಇದೆಯಲ್ಲ, ಅತ್ತೆ ತಾವೇ ಬುಟ್ಟಿ ತಂದು ಕೊಟ್ಟರು. ಹಿತ್ತಿಲಲ್ಲಿ ಇರಲಿ, ಒಳಗೆ ಬರಬಾರದು ಎಂದು ತೀರ್ಪಾಯಿತು. ಮಗ ಇಡೀ ದಿನ ಬುಟ್ಟಿಯ ಮುಂದೆ ಕುಳಿತಿದ್ದ. ನುಚ್ಚು ಹಾಕಿ, ಅದು ತಿಂದ ಮೇಲೆ ತಾನು ಉಣ್ಣಲು ಬಂದ.

ತಾ. ೧೭-೩-೧೯೩೪

ಮಧ್ಯಾಹ್ನ ಅವನು ಮಲಗಿದ್ದಾಗ ಬುಟ್ಟಿಯ ಮೇಲಿನ ಕಲ್ಲು ತೆಗೆದು, ಬುಟ್ಟಿ ಎತ್ತಿಟ್ಟು, ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಗಿರಣಿಯ ಬೆಕ್ಕು ದಿನಾ ಆ ಹೊತ್ತಿಗೆ ನಮ್ಮ ಹಿತ್ತಿಲಿಗೆ ಬರುತ್ತದೆ. ನನ್ನ ಕೈಯಿಂದ ಒಂದು ಇರುವೆಯನ್ನೂ ಕೊಂದವಳಲ್ಲ ನಾನು. ಬೆಕ್ಕಿನ ಗುಣ ಬೆಕ್ಕಿಗೆ.

ಎದ್ದು ಹುಡುಕಿದ. ಬಾವಿಯ ಹಿಂದೆ, ಹುಲ್ಲಿನ ಬಣವೆಯ ಹಿಂದೆ, ಕೊನೆಗೆ ನನ್ನ ಹಿಂದೆ. "ನಿನ್ನ ತೌಡವ್ವ ಬಂದು ಒಯ್ದಳಪ್ಪಾ. ಕೊಟ್ಟಿದ್ದ ಕಸಗೊಳ್ಳೋ ಮಂದಿ ಅವರು" ಎಂದೆ.

ತುಟಿ ಸೊಟ್ಟ ಮಾಡಿದ, ಆದರೆ ಅಳಲಿಲ್ಲ. ಆಗ ನನಗೆ ಹೊಳೆಯಿತು. ಆಕೆ ಕೊಡುವುದನ್ನು ತಡೆಯಲು ನನ್ನಿಂದಾಗದು, ನಿಜ. ಇವನೇ ಬೇಡವೆಂದರೆ? ಅದಕ್ಕೆ ಯಾವ ಅತ್ತೆಯ ನೇಮವೂ ಅಡ್ಡ ಬರುವುದಿಲ್ಲ.

ತಾ. ೧೩-೪-೧೯೩೪, ಅಮಾವಾಸ್ಯೆ

ಎಳ್ಳುಂಡೆ ಎರಡು. ಅವನು ಮಲಗಿದ್ದ, ನನ್ನ ಕೈಗೆ ಕೊಟ್ಟು ಹೋದಳು. ಒಂದನ್ನು ಒಡೆದೆ. ಎರಡು ಚಮಚ ಖಾರಪುಡಿ ಕಲಸಿ ಮತ್ತೆ ಕಟ್ಟಿ, ಮೇಲೆ ಎಳ್ಳು ಹೊರಳಿಸಿದೆ. ಎದ್ದ ಮೇಲೆ ಕೊಟ್ಟೆ.

"ನಿನ್ನ ತೌಡವ್ವ ಕೊಟ್ಟದ್ದು, ತಿನ್ನು."

ಪೂರ್ತಿ ಬಾಯಿಗಿಟ್ಟುಕೊಂಡ.

ತಾ. ೧೪-೪-೧೯೩೪

ಇವತ್ತು ನಾಲಿಗೆಯ ಊತ ಸ್ವಲ್ಪ ಇಳಿದಿದೆ. ನಿನ್ನೆ ಬಾಯಿ ಉರಿಯೆಂದು ಕೈ ಹಾಕಿಕೊಂಡ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡ. ನೆಲದ ಮೇಲೆ ಬಿದ್ದು ಒದ್ದಾಡಿದ. ಬೆಣ್ಣೆ ಹಚ್ಚಿದೆ, ಹಾಲು ಕುಡಿಸಿದೆ, ಕಣ್ಣಿಗೆ ತಣ್ಣೀರಿನ ಬಟ್ಟೆ ಇಟ್ಟೆ. ಅತ್ತೆ ಆಗ ತಮ್ಮ ಗೆಳತಿ ಜಂಬಕ್ಕನ ಮನೆಗೆ ಹೋಗಿದ್ದರು, ಒಳ್ಳೆಯದಾಯಿತು.

ಎಷ್ಟು ದಿನವಾಗಿತ್ತು ಅವನು ನನ್ನ ಕುತ್ತಿಗೆ ಹೀಗೆ ತಬ್ಬಿಕೊಂಡು! ಉಸಿರು ಕಟ್ಟುವ ಹಾಗೆ ಹಿಡಿದಿದ್ದ. "ಅವ್ವಾ ಅವ್ವಾ" ಎಂದು ಅತ್ತದ್ದು ನನ್ನನ್ನೇ. ಮನೆಯೊಳಗಿನ ಅವ್ವ ಅಲ್ಲ, ಬರೀ ಅವ್ವ. ನಾನೂ ಅತ್ತುಬಿಟ್ಟೆ. ಖುಷಿಯಿಂದ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೌದು, ಖುಷಿಯಿಂದ. ಇಪ್ಪತ್ತು ದಿನದ್ದೂ ಮೂರು ತಿಂಗಳದ್ದೂ ನನ್ನನ್ನು ಹೀಗೆ ಹಿಡಿದುಕೊಳ್ಳುವ ಮೊದಲೇ ಹೋದವು.

"ಇನ್ನೊಮ್ಮೆ ಆಕಿ ಕೊಟ್ಟಿದ್ದು ತಿಂತೀಯೇನು?" ಎಂದು ಕೇಳಿದೆ. ತಲೆ ಅಲ್ಲಾಡಿಸಿದ.

ಅಳು ನಿಂತ ಮೇಲೆ ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮೂಸಿ ನೋಡಿದ. ಮಕ್ಕಳಿಗೆ ಎಂಥೆಂಥದೋ ಆಟ.

ತಾ. ೧೩-೫-೧೯೩೪, ಅಮಾವಾಸ್ಯೆ

ಇವತ್ತಿನ ದಿನಕ್ಕಾಗಿ ಒಂದು ತಿಂಗಳು ಕಾದಿದ್ದೆ. ಹುಲುಗಮ್ಮ ಬಂದಳು. ಮಗ ಬಾಗಿಲ ಸಂದಿಯಲ್ಲಿ ಸೇರಿಕೊಂಡ. "ಬಾರಪಾ ತೌಡಪ್ಪಾ, ಕರ್ಚಿಕಾಯಿ ತಂದೀನಿ" ಎಂದರೆ "ಒಲ್ಲೆ" ಎಂದ. ಅತ್ತೆ ಎಳೆದು ತಂದರೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಆಕೆಯ ಮುಖ ನೋಡಬೇಕಿತ್ತು. ನಾಲ್ಕೂಮುಕ್ಕಾಲು ವರ್ಷದ ಅಧಿಕಾರ ಒಂದು ಮಾತಿಗೆ ಇಳಿದುಹೋಯಿತು. ನಾನು ಸುಮ್ಮನೆ ಹೆಸರುಬೇಳೆ ಆರಿಸುತ್ತಾ ಕುಳಿತಿದ್ದೆ.

ಅಷ್ಟಕ್ಕೇ ಹೋಗಿದ್ದರೆ ಚೆನ್ನಾಗಿತ್ತು. ಹೋಗಲಿಲ್ಲ. ಬಿಸಿಲಲ್ಲೇ ಕುಕ್ಕರಗಾಲಲ್ಲಿ ಕುಳಿತು ಆ ಕರ್ಚಿಕಾಯಿಯನ್ನು ತಾನೇ ಕಚ್ಚಿದಳು. ಅಗಿದು ನುಂಗಿದಳು. ಬಾಯಿ ತೆರೆದು ತೋರಿಸಿದಳು.

"ನೋಡಪಾ, ನಾ ತಿಂದೆ. ಏನಾತು ನನಗ? ಏನೂ ಆಗಲಿಲ್ಲ. ಈಗ ನೀ ತಿನ್ನು."

ಇವನು ಆಕೆಯ ಗಂಟಲನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಹೋಗಿ, ಆಕೆ ಕಚ್ಚಿದ ಅದೇ ಕರ್ಚಿಕಾಯಿ ಇಸಿದುಕೊಂಡು ತಿಂದ. ಎಂಜಲು! ಹುಲುಗಮ್ಮನ ಎಂಜಲು ನನ್ನ ಮಗನ ಬಾಯಲ್ಲಿ! ತಿಂದು ಮುಗಿಸಿ ಅವನು ತಿರುಗಿ ನನ್ನನ್ನು ನೋಡಿದ, ಬಹಳ ಹೊತ್ತು ನೋಡಿದ. ನನಗೆ ಆ ಎಂಜಲಿನದೇ ಸಂಕಟ, ಮತ್ತೇನೂ ತೋಚಲಿಲ್ಲ.

ತಾ. ೧೬-೫-೧೯೩೪

ಊಟಕ್ಕೆ ಕುಳಿತಾಗ ಇವರಿಗೆ ಹೇಳಿಬಿಟ್ಟೆ. ಹೋದ ತಿಂಗಳ ಅಮಾವಾಸ್ಯೆ ಹುಲುಗಮ್ಮ ಖಾರದ ಉಂಡೆ ತಿನ್ನಿಸಿ ಮಗುವಿನ ಬಾಯಿ ಸುಟ್ಟಳು, ಅತ್ತೆಗೆ ಹೆದರಿ ಇಷ್ಟು ದಿನ ನುಂಗಿಕೊಂಡಿದ್ದೆ ಎಂದೆ. ನುಂಗಿಕೊಂಡಿದ್ದೆ ಎನ್ನುವಾಗ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡೆ.

ಇವರು ಆಕೆಯನ್ನು ಕರೆಸಿದರು. ಮಗ ಕಂಬ ಹಿಡಿದು ನಿಂತಿದ್ದ. ಅವನನ್ನೇ ಕೇಳಿದರು, "ಲೇ ತೌಡ್ಯಾ, ಖಾರದ ಉಂಡಿ ಯಾರು ಕೊಟ್ರೋ ನಿನಗ?"

ಮಗ ನನ್ನ ಮುಖ ನೋಡಿದ. ಬಲಗೈ ನೋಡಿದ. "ತೌಡವ್ವ" ಎಂದ.

ಜಾಣ ಮಗು.

ಹುಲುಗಮ್ಮ ಇಲ್ಲವೆಂದು ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಸಿದ್ಧಳಾಗಿ ನಿಂತಿದ್ದೆ. ಆಕೆ ಮಗನನ್ನು ನೋಡಿದಳು, ಅವನು ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡದ್ದನ್ನು ನೋಡಿದಳು. "ಕೂಸು ಅಂತೈತಿ ಅಂದ್ರ ಹೌದಿರಬೇಕು ಬಿಡ್ರಿ ಸಾವ್ಕಾರ್ರೆ. ಕಣ್ಣು ಕಾಣಂಗಿಲ್ಲ ನನಗ, ಯಾವುದೋ ಡಬ್ಬಿಗೆ ಕೈ ಹಾಕಿರಬೇಕು. ಕೂಸಿಗೆ ಏನೂ ಅನಬ್ಯಾಡ್ರಿ" ಎಂದಳು.

ಒಪ್ಪಿಕೊಂಡಳು! ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ? ಎಂದಾದರೊಂದು ದಿನ ಮಾಡುವವಳೇ ಇದ್ದಳು ಎಂದು ಇದರ ಅರ್ಥ. ಗಿರಣಿಯ ಕೆಲಸದಿಂದ ತೆಗೆದರು. ಮೊರವನ್ನು ಮೂಲೆಗಿಟ್ಟು ಹೋದಳಂತೆ.

ತಾ. ೧೨-೬-೧೯೩೪, ಅಮಾವಾಸ್ಯೆ

ಯಾರೂ ಬರಲಿಲ್ಲ. ಹುಲುಗಮ್ಮ ಸಂಡೂರಿನ ಕಡೆ ಗಣಿಗೆ ಕಲ್ಲು ಹೊರಲು ಹೋಗಿದ್ದಾಳೆಂದು ಗಿರಣಿಯ ಅಂಜಿನಯ್ಯ ಹೇಳಿದ. ಹೋಗಲಿ, ದುಡಿದು ತಿನ್ನಲಿ.

ಮಗ ಬೆಳಗಿನಿಂದ ಹಿತ್ತಿಲ ಹೊಸ್ತಿಲಲ್ಲಿ ಕುಳಿತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಈಚೆಗೆ ದಿನಾ ಇದೇ ರಾಗ. ಕೆನ್ನೆ ಸ್ವಲ್ಪ ಇಳಿದಿದೆ, ಬಿಸಿಲು ಕಾಲವಲ್ಲವೇ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಮನೆ ಎಷ್ಟು ಶಾಂತವಾಗಿದೆ!

ತಾ. ೪-೭-೧೯೩೪

ಮಗನಿಗೆ ಚಳಿಜ್ವರ. ಗದ್ದೆಗೆ ನೀರು ಬಿಟ್ಟಾಗ ಊರಿಗೆಲ್ಲ ಬರುತ್ತದೆ. ನಮ್ಮ ಮನೆಗೇ ಬರಬೇಕಿತ್ತೇ.

ತಾ. ೬-೭-೧೯೩೪

ಹೊಸಪೇಟೆಯಿಂದ ಡಾಕ್ಟರು ಬಂದು ಕ್ವಿನೈನ್ ಕೊಟ್ಟರು. ದಿನಕ್ಕೆ ಮೂರು ಸಲ, ಜೇನಿನಲ್ಲಿ. ನಾನು ಚಮಚ ತಂದರೆ ಹಲ್ಲು ಕಚ್ಚುತ್ತಾನೆ. ಮುದ್ದು ಮಾಡಿದೆ, ಗದರಿಸಿದೆ. ಮೈ ಕೆಂಡವಾಗಿದೆ, ಕಣ್ಣು ಮೇಲಕ್ಕೆ ತೇಲಿಸುತ್ತಾನೆ, ಆದರೂ ಚಮಚ ಹತ್ತಿರ ಬಂದೊಡನೆ ಎಲ್ಲಿಂದಲೋ ಶಕ್ತಿ ಬಂದು ಬಾಯಿ ಬಿಗಿಯುತ್ತಾನೆ.

ತಾ. ೭-೭-೧೯೩೪

ಮೂಗು ಹಿಡಿದು ಹೊಯ್ದೆವು. ಉಸಿರು ಸಿಕ್ಕಿಕೊಂಡು ಮುಖ ಕಪ್ಪಿಟ್ಟಿತು. ಇನ್ನೊಮ್ಮೆ ಹಾಗೆ ಮಾಡಿದರೆ ಜ್ವರ ಕೊಲ್ಲುವ ಮೊದಲು ನೀವೇ ಕೊಲ್ಲುತ್ತೀರಿ ಎಂದರು ಡಾಕ್ಟರು.

ಅತ್ತೆ ಕೊಟ್ಟರೂ ಒಲ್ಲ. ಅವರಪ್ಪ ಕೊಟ್ಟರೂ ಒಲ್ಲ. ಚಮಚ ಯಾರ ಕೈಯಲ್ಲಿದ್ದರೂ ಅವನ ಕಣ್ಣು ಅಡಿಗೆಮನೆಯ ಬಾಗಿಲ ಮೇಲೆ.

ತಾ. ೮-೭-೧೯೩೪

ಅತ್ತೆ ತಿಂಗಳ ಮೇಲೆ ಇವತ್ತು ಬಾಯಿ ತೆರೆದರು. "ಅಂದಾನೀ, ಆಕಿನ್ನ ಕರಸು. ಅದು ಆಕಿ ಕೂಸು. ಆಕಿ ಕೈಲೆ ಇಸಗೋತೈತಿ" ಎಂದು ಇವರಿಗೆ ಹೇಳಿ, ನನ್ನ ಕಡೆ ತಿರುಗಿದರು. "ಸುವರ್ಣಾ, ನೀ ಏನು ಮಾಡೀದಿ ನನಗ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ."

ಬೇಡ ಎನ್ನಬೇಕು ಎಂದುಕೊಂಡೆ. ಮಗನ ಕಾಲು ಮುಟ್ಟಿದೆ. ಎರಡನೆಯ ಕೂಸಿನ ಕಾಲು ಕೊನೆಯ ದಿನ ಹೀಗೇ ತಣ್ಣಗಿತ್ತು. ಅಂಜಿನಯ್ಯ ಮೋಟಾರಿನಲ್ಲಿ ಹೊಸಪೇಟೆಗೆ ಹೋಗಿ, ಅಲ್ಲಿಂದ ಸಂಡೂರಿಗೆ ಹೊರಟ.

ತಾ. ೧೦-೭-೧೯೩೪

ಬಂದಳು. ಮೈತುಂಬ ಗಣಿಯ ಕಪ್ಪು ಧೂಳು, ಅಂಗೈ ಒಡೆದಿದೆ. ಒಳಗೆ ಬರಬಹುದೇ ಎಂದು ಕೇಳಿದಳು. ಅತ್ತೆ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಬಂದರು. ಈ ಮನೆಯ ನಡುಮನೆಗೆ!

ನನ್ನ ಕೈಯಿಂದ ಚಮಚ ಇಸಿದುಕೊಂಡಳು. ಔಷಧಿಯ ಒಂದು ಹನಿ ತನ್ನ ನಾಲಿಗೆಯ ಮೇಲೆ ಬಿಟ್ಟುಕೊಂಡು, ನುಂಗಿ, ಮುಖ ಕಿವಿಚಿದಳು. "ಭಾಳ ಕಹಿ ಐತಿ ತೌಡಪ್ಪಾ. ಆದ್ರ ಖಾರ ಇಲ್ಲ" ಎಂದಳು.

ಮಗ ಬಾಯಿ ತೆರೆದ. ನಾಲ್ಕು ದಿನ ನಾವೆಲ್ಲ ಕಾಲು ಹಿಡಿದರೂ ತೆರೆಯದ ಬಾಯಿ. ಮತ್ತೆ ಎಂಜಲು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಆ ಹೊತ್ತಿಗೆ ಆಕೆಯ ಮೇಲೆ ಇದ್ದಷ್ಟು ದ್ವೇಷ ನನಗೆ ಈ ಲೋಕದಲ್ಲಿ ಯಾರ ಮೇಲೂ ಇರಲಿಲ್ಲ.

ತಾ. ೧೪-೭-೧೯೩೪

ಜ್ವರ ಬಿಟ್ಟಿದೆ. ಡಾಕ್ಟರು ಇನ್ನು ಭಯವಿಲ್ಲ ಎಂದರು. ಡಾಕ್ಟರ ಔಷಧಿ ಒಳ್ಳೆಯದು.

ತಾ. ೨೦-೭-೧೯೩೪

ಇವತ್ತು ಮಗನನ್ನು ಕೊಂಡುಕೊಂಡೆ.

ಬೇವಿನ ಮರದ ಕೆಳಗೆ ಅತ್ತೆ, ಇವರು, ನಾನು. ಹುಲುಗಮ್ಮ ತೊಳೆದ ಸೀರೆ ಉಟ್ಟು ಬಂದಿದ್ದಳು. ಒಂದು ಮೊರ ತೌಡು ಆಕೆಯ ಉಡಿಗೆ ಹಾಕಿದೆ. "ನನ್ನ ಕೂಸಲ್ಲ, ನಿಮ್ಮ ಕೂಸು" ಎಂದು ಮೂರು ಸಲ ಹೇಳಬೇಕು. ಎರಡು ಸಲ ಸರಿಯಾಗಿ ಹೇಳಿದಳು. ಮೂರನೆಯದಕ್ಕೆ ದನಿ ಹೊರಡಲಿಲ್ಲ. "ಜೋರಾಗಿ ಹೇಳು, ಕೇಳಸಲಿಲ್ಲ" ಎಂದೆ. ಹೇಳಿದಳು.

ಇವರು ನಾಳೆಯಿಂದ ಗಿರಣಿಗೆ ಬಾ ಎಂದರು. ಆಕೆ ಕೈಮುಗಿದು ನನ್ನ ಕಡೆ ನೋಡಿ, "ಅಮ್ಮಾರೆ, ಏನೂ ತರಂಗಿಲ್ರೀ. ಅಮಾಸಿಗೊಮ್ಮೆ ಬಂದು ದೂರ ನಿಂತು ನೋಡಿ ಹೋಗತೀನಿ, ಅಷ್ಟ" ಎಂದಳು.

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ. "ನಮ್ಮ ಬಳ್ಳಾರಿ ಕಡೆ ಒಂದು ನೇಮ ಐತಿ ಹುಲುಗಮ್ಮ. ಮಾರಿದವರ ನೆರಳು ಬಿದ್ರ ಕೊಂಡ ಕೂಸು ಉಳಿಯಂಗಿಲ್ಲ. ಈಗ ತಾನ ಸಾವಿನ ಬಾಯಿಂದ ಬಂದೈತಿ. ನೋಡು, ನಿನ್ನ ಇಷ್ಟ" ಎಂದೆ.

ಅಂಥ ನೇಮ ಯಾವುದೂ ಇಲ್ಲ. ನಿಂತ ನಿಲುವಿನಲ್ಲೇ ಕಟ್ಟಿದೆ. ಆಕೆ ಕೂಡಲೇ ಕೆಳಗೆ ನೋಡಿಕೊಂಡಳು. ಸಂಜೆ ಬಿಸಿಲಿಗೆ ಆಕೆಯ ನೆರಳು ಉದ್ದಕ್ಕೆ ಚಾಚಿ ಮಗನ ಕಾಲ ಹತ್ತಿರ ಬಂದಿತ್ತು. ಚೀರಿ ಹಿಂದಕ್ಕೆ ಸರಿದಳು. ಉಡಿಯ ತೌಡು ಚೆಲ್ಲುತ್ತಿದ್ದರೂ ಲೆಕ್ಕಿಸದೆ, ಸೆರಗಿನಿಂದ ಮುಖ ಮುಚ್ಚಿಕೊಂಡು ಓಡಿದಳು. ಮಗ "ತೌಡವ್ವಾ" ಎಂದು ಕೂಗಿದ. ಒಮ್ಮೆಯೂ ತಿರುಗಲಿಲ್ಲ. ಅತ್ತೆಯೇ ಅವನನ್ನು ಗಟ್ಟಿಯಾಗಿ ಹಿಡಿದುಕೊಂಡರು, "ಹೋಗಬ್ಯಾಡಪ್ಪಾ, ಹೋಗಬ್ಯಾಡ" ಎಂದು. ಅವರೂ ನಂಬಿದರು.

ತಾ. ೨೧-೭-೧೯೩೪

ಬೆಳಿಗ್ಗೆಯ ಮೋಟಾರಿಗೇ ಸಂಡೂರಿಗೆ ಹೋದಳಂತೆ.

ತಾ. ೧೦-೮-೧೯೩೪, ಅಮಾವಾಸ್ಯೆ

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥ ದುಃಖವೇನೂ ಇಲ್ಲ. ಮಗ ಚೇತರಿಸಿಕೊಂಡಿದ್ದಾನೆ. ಹಿತ್ತಿಲಿಗೆ ಹೋಗುವುದಿಲ್ಲ, ಯಾರು ಏನು ಕೊಟ್ಟರೂ ಮುಟ್ಟುವುದಿಲ್ಲ. ಮೊನ್ನೆ ಜಂಬಕ್ಕ ಕಲ್ಲುಸಕ್ಕರೆ ಕೊಡಲು ಬಂದರೆ ಕೈ ಹಿಂದೆ ಕಟ್ಟಿಕೊಂಡ. ಎಷ್ಟು ಚೆನ್ನಾಗಿ ಕಲಿಸಿದ್ದೀಯಮ್ಮ ಎಂದು ಹೊಗಳಿ ಹೋದಳು.

ಈಗ ನನ್ನ ಕೈಯಿಂದಲೇ ಊಟ. ನನ್ನ ಮೇಲೆ ಎಷ್ಟು ಜೀವ ಅವನಿಗೆ! ಅನ್ನ ಕಲಸಿ ಮುಂದಿಟ್ಟರೆ ಮೊದಲ ತುತ್ತು ತಾನು ತಿನ್ನುವುದಿಲ್ಲ, ನನ್ನ ಬಾಯಿಗೇ ಇಡುತ್ತಾನೆ. ಹಾಲು ಕೊಟ್ಟರೂ ಮೊದಲ ಗುಟುಕು ನನಗೆ, ಹಣ್ಣು ಕೊಟ್ಟರೂ ಮೊದಲ ಹೋಳು ನನಗೆ. ಒಂದು ಹೊತ್ತೂ ಮರೆತವನಲ್ಲ. ಹೆತ್ತವರಿಗೆ ಇಷ್ಟು ಚಿಕ್ಕ ವಯಸ್ಸಿನಲ್ಲಿ ಹೀಗೆ ಉಣಿಸುವ ಮಗು ಕಂಪ್ಲಿಯಲ್ಲಿ ಇನ್ನೊಂದು ಇದ್ದರೆ ತೋರಿಸಲಿ. ಅತ್ತೆ ಇದನ್ನು ನೋಡಲಾರದೆ ಎದ್ದು ಹೋಗುತ್ತಾರೆ, ಹೊಟ್ಟೆಕಿಚ್ಚು.

ತುತ್ತು ಇಟ್ಟ ಮೇಲೆ ನಾನು ನುಂಗುವವರೆಗೂ ನನ್ನ ಗಂಟಲನ್ನೇ ನೋಡುತ್ತಾ ಕುಳಿತಿರುತ್ತಾನೆ. ಆಮೇಲೆ ಬಾಯಿ ತೆರೆದು ತೋರಿಸು ಎನ್ನುತ್ತಾನೆ.